ಮುಚ್ಚಳ

ಗುಜರಿ ಜಿಲಾನಿಯ ತಳ್ಳುಗಾಡಿ ಮೇಲೆ
ಅಂಗಾತ ಮಲಗಿ ಬಂತು,
ಆಳೆತ್ತರಕ್ಕೆ ಇನ್ನೊಂದು ಗೇಣು ಸೇರಿಸಿ.
ಹೊಟ್ಟೆ ಇತ್ತು, ಪಕ್ಕೆ ಇತ್ತು, ಕುತ್ತಿಗೆ ಇತ್ತು.
ಬೆನ್ನಿರಲಿಲ್ಲ.

'ಮಿಲ್ಲಿನ ಕ್ಲಬ್ಬಿಂದು, ದೊರೆಗಳ ಪಿಟೀಲು' ಅಂದ.
ಪಿಟೀಲಲ್ಲೋ, ಪಿಟೀಲಿನ ಮುತ್ತಜ್ಜ ಅಂದೆ.
ಮೂವತ್ತು ವರ್ಷ ಹಾರ್ಮೋನಿಯಮ್ಮಿನ ತಿದಿ ಹೊಲಿದವನು ನಾನು,
ನಡುನಡುವೆ ತೊಟ್ಟಿಲು ಮಾಡಿದವನು.
ಡಬಲ್ ಬೇಸು ಮುಟ್ಟಿದ್ದು ಅವತ್ತೇ.

ಮೂರೇ ತಂತಿಗೆ ಹುಟ್ಟಿದ್ದು.
ನಾಲ್ಕನೇ ತೂತು ಆಮೇಲೆ ಯಾರೋ ಕೊರೆದದ್ದು,
ಕೊರೆದ ಕೈಗೆ ಅವಸರ ಇತ್ತು.
ಪಕ್ಕೆಯ ಸೀಳಿಗೆ ಮಿಲ್ಲಿನ ಫಿಟ್ಟರನೊಬ್ಬ
ಮಗ್ಗದ ಬೋಲ್ಟು ಬಿಗಿದಿದ್ದ.
ಬೈದುಕೊಳ್ಳುತ್ತಲೇ ಬಿಚ್ಚಿದೆ.
ಬೋಲ್ಟಿನ ಕೆಳಗೆ ಚರ್ಮದ ವಾಷರು,
ದುಂಡಗೆ, ಚಪ್ಪಲಿ ಅಟ್ಟೆಯಿಂದ ಕತ್ತರಿಸಿದ್ದು,
ಮರಕ್ಕೆ ನೋಯದಿರಲೆಂದು.
ಬೈದದ್ದನ್ನು ವಾಪಸು ತಗೊಂಡೆ.

ಚರ್ಚಿನ ಗ್ರೇಸಮ್ಮ ಟೀಚರು ಕಂತಿನಲ್ಲಿ ಕೊಡುತ್ತೇನೆಂದರು.
ಬೆನ್ನಿಲ್ಲದ್ದಕ್ಕೆ ಎಂಥ ಕಂತು?
ವಾಚ್‌ಮನ್ ಚನ್ನವೀರಯ್ಯನ್ನ ಹುಡುಕಿ ಕೇಳಿದೆ.
'ಬೆನ್ನಾ? ಭಟ್ಟಿ ಖೈರುನ್ಬಿ ಒಯ್ದಳಲ್ಲ,
ಮಿಲ್ಲು ಮುಚ್ಚಿದ ವರ್ಷ.'

ಟೈರು ಸುಟ್ಟ ಮಸಿ ಇನ್ನೂ ಗೋಡೆ ಬಿಟ್ಟಿರಲಿಲ್ಲ.
ಮಂಡಕ್ಕಿಯ ಗುಡಾಣದ ಮೇಲೆ ಅಂಗೈಯಂತೆ ಚಪ್ಪಟೆ,
ನಡುವಿನಲ್ಲಿ ಬಳುಕಿ,
ಮುಚ್ಚಳವಾಗಿ ಕೂತಿತ್ತು ಇಂಗ್ಲೆಂಡಿನ ಮರ.
ಎತ್ತಿ ನೋಡಿದೆ. ಒಳಮೈಗೆ ಒಂದು ಚೀಟಿ,
ಇಷ್ಟು ವರ್ಷ ಮಂಡಕ್ಕಿಯ ಕಡೆ ಮುಖ ಮಾಡಿ.
ಮಾಡಿದವನ ಹೆಸರನ್ನು ಹಬೆ ತಿಂದಿತ್ತು,
ಲಂಡನ್ನನ್ನು ಬಿಟ್ಟಿತ್ತು.

'ಕೊಡಲ್ಲ' ಅಂದಳು.
ಹೊಸದು ಮಾಡಿಕೊಡ್ತೀನಿ, ಚೌಕ, ಸಾಗುವಾನಿ.
'ಇಪ್ಪತ್ತಾರು ವರ್ಷ ಇದರ ನಡ ಹಿಡಿದು ಎತ್ತೀನಿ.
ಚೌಕದ್ದು ತಂದರೆ
ನನ್ನ ಕೈಗೆ ಏನಂತ ಹೇಳ್ಲಿ?'

ಪೇಪರು ಹಾಸಿ ಪೆನ್ಸಿಲಿನಲ್ಲಿ ಅಂಚು ತಿರುವಿದೆ.
ಪ್ಲೈವುಡ್ಡು ಕೊಯ್ದು, ಅದೇ ಭುಜ, ಅದೇ ನಡ.
ಮೂರು ಸಲ ಎತ್ತಿಳಿಸಿ 'ಹಗುರಾತು' ಅಂದಳು.
ಅಡಿಗೊಂದು ಸಾಗುವಾನಿ ಪಟ್ಟಿ ಹೊಡೆದೆ.
ಮತ್ತೆ ಎತ್ತಿದಳು. ಏನೂ ಅನ್ನಲಿಲ್ಲ.
ಬೆನ್ನು ಹೊತ್ತು ಬಂದೆ, ಹೆಗಲೆಲ್ಲ ಉಪ್ಪಿನ ವಾಸನೆ.

ತಿಪ್ಪೇಶ ಫೆವಿಕಾಲಿನ ಡಬ್ಬಿ ತೆಗೆದ.
ಮುಚ್ಚಿಡೋ ಅದನ್ನ.
ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಸರೇಸು ಕರಗಿಸು.
ನಾಳೆ ಇನ್ನೊಬ್ಬ ಇದನ್ನು ಬಿಚ್ಚಬೇಕಾದೀತು,
ನಾನು ತಪ್ಪಿದ್ದು ಅವನಿಗೆ ಕಂಡೀತು.
ಬಿಸಿ ಚಾಕು ಹಿಡಿದರೆ ದಾರಿ ಬಿಡಬೇಕು ಅಂಟು.
ಸೈಕಲ್ ಟ್ಯೂಬು ಸೀಳಿ ನಲವತ್ತು ಸುತ್ತು ಕಟ್ಟಿದೆವು,
ಮೂಳೆ ಮುರಿದವನಿಗೆ ಕಟ್ಟಿದ ಹಾಗೆ.
ಆ ರಾತ್ರಿ ಅಂಗಡಿಯಲ್ಲೇ ಮಲಗಿದೆ.
ಅದು ಒಂದೆರಡು ಸಲ ಟಿಕ್ಕೆಂದಿತು. ನಾನೂ ಎದ್ದು ಕೂತೆ.

ಆಮೇಲೆ ಒಳಗಿನ ಕಡ್ಡಿ.
ಹೊಟ್ಟೆಗೂ ಬೆನ್ನಿಗೂ ನಡುವೆ
ಅಂಟಿಲ್ಲದೆ, ಮೊಳೆಯಿಲ್ಲದೆ ನಿಲ್ಲಬೇಕಾದದ್ದು.
ಉದ್ದಾದರೆ ಹೊಟ್ಟೆ ಸೀಳುತ್ತೆ, ಗಿಡ್ಡಾದರೆ ಬೀಳುತ್ತೆ.
ಸೈಕಲ್ ಕಡ್ಡಿ ಬಗ್ಗಿಸಿ ತೂತಿನಿಂದ ತೂರಿಸಿದೆ.
ಬಿತ್ತು.
ಹನ್ನೊಂದು ಸಲ ಬಿತ್ತು.
ತಿಪ್ಪೇಶ ಚಾ ತಂದ. ಚಾ ಆರಿತು.
ಹನ್ನೆರಡನೆಯದಕ್ಕೆ ನಿಂತಿತು. ಯಾಕೆ ನಿಂತಿತೆಂದು
ಈಗಲೂ ಕೇಳಬೇಡಿ.

ನಡದ ಎರಡೂ ಬದಿಗೆ ಎರಡು ಕಪ್ಪು ಕಲೆ,
ಖೈರುನ್ಬಿಯ ಕೈ.
'ಪಾಲಿಶಲ್ಲಿ ಹೋಗಲ್ವಾ?' ಟೀಚರು ಕೇಳಿದರು.
ಹೋಗುತ್ತೆ ಮೇಡಂ. ತೆಗೆಯಲಿಲ್ಲ.
ಅವರು ಬಗ್ಗಿ ನೋಡಿ, ತಮ್ಮ ಕೈಯನ್ನೂ
ಅಲ್ಲೇ ಇಟ್ಟುಕೊಂಡರು.

ದಪ್ಪ ತಂತಿ ಕೊರಿಯರಿನಲ್ಲಿ ಬಂದ ದಿನ
ಹೆಬ್ಬೆರಳಿನಿಂದ ಒಂದೇ ಸಲ ಮೀಟಿದೆ.
ಸದ್ದು ಕಿವಿಗೆ ಬರೋ ಮೊದಲು
ಬೆಂಚಿನ ಮೇಲಿನ ಹೊಟ್ಟು ಸರಿಯಿತು.
ತಿಪ್ಪೇಶ ಗೋಡೆ ಹಿಡಕೊಂಡ.
ಪಕ್ಕದ ಟೈಲರು ಮಿಷನ್ನು ನಿಲ್ಲಿಸಿ
'ಲಾರಿ ಬಂತೇನ್ರೀ?' ಅಂದ.

ಸಂಜೆ ಭಟ್ಟಿಗೆ ಹೋದೆ, ಒಂದು ಸೇರು ಮಂಡಕ್ಕಿಗೆ.
'ಕೂಗ್ತಾ?' ತಲೆಯೆತ್ತದೆ ಕೇಳಿದಳು.
ಕೂಗ್ತು ಅಂದೆ.
ನಡ ಹಿಡಿದು ಮುಚ್ಚಳ ಎತ್ತಿದಳು,
ಸೇರು ತುಂಬಿ, ಮೇಲೊಂದು ಹಿಡಿ ಹಾಕಿ,
'ಇದು ಇನ್ನೂ ಹಗುರನೇ' ಅಂದಳು.