ಮೊದಲ ಕಟ್ಟು

ದುರ್ಗಿಗುಡಿಯ ಆ ಅಂಗಡಿಯಲ್ಲಿ
ಹುಟ್ಟುಹಬ್ಬದ ಮೇಣದಬತ್ತಿ, ಮುಯ್ಯಿ ಲಕೋಟೆ,
ಗಾಜಿನ ಗಣಪತಿ ಎಲ್ಲ ದಾಟಿ
ಒಳಗಿನ ಕಪಾಟಿನ ಮುಂದೆ ನಿಂತು
ಮೆಲ್ಲಗೆ ಕೇಳಿದೆ: ಟ್ಯಾರೋ ಇದೆಯಾ?
ಔಷಧಿ ಅಂಗಡಿಯಲ್ಲಿ ಕೆಲವು ಸಾಮಾನು
ಕೇಳುವ ದನಿಯಲ್ಲಿ.

ತೌಸೀಫ್ ಮೂರು ಕಟ್ಟು ತಂದು ಗಾಜಿನ ಮೇಲಿಟ್ಟ.
ಇಸ್ಪೀಟಿನಷ್ಟೇ ಅಂದುಕೊಂಡಿದ್ದೆ. ದೊಡ್ಡವು.
ಎಪ್ಪತ್ತೆಂಟು ಎಲೆ. ನನ್ನ ಅಂಗೈ ಚಿಕ್ಕದು.

ಒಂದಕ್ಕೆ ಅಂಚಿಗೆಲ್ಲ ಬಂಗಾರದ ಬಣ್ಣ,
ಮುಟ್ಟಿದ ಬೆರಳು ಹೊಳೆಯುತ್ತದೆ,
ಬೆಲೆ ಕೇಳಿದರೆ ಮುಖ ಇಳಿಯುತ್ತದೆ.
ಒಂದರಲ್ಲಿ ಎಲ್ಲರೂ ಬೆಕ್ಕು:
ರಾಜ ಬೆಕ್ಕು, ರಾಣಿ ಬೆಕ್ಕು, ಸಾವು ಕೂಡ ಕರಿಬೆಕ್ಕು.
ನಮ್ಮ ಬೀದಿಯಲ್ಲಿ ಒಂದು ಅಡ್ಡ ಬಂದರೇ
ಜನ ಸ್ಕೂಟರು ನಿಲ್ಲಿಸಿ ಉಗಿದು ಹೋಗುತ್ತಾರೆ.
ಇನ್ನೊಂದು ಹಳೇ ಕ್ಯಾಲೆಂಡರಿನ ಬಣ್ಣದ್ದು,
ಹಳದಿ ಆಕಾಶ, ಮೂಗು ಬಾಯಿ ಇರುವ ಸೂರ್ಯ.

"ಮೊದಲನೇ ಕಟ್ಟು ಕೊಳ್ಳಬಾರದಂತೆ ಅಕ್ಕಾ,
ಯಾರಾದರೂ ಕೊಡಬೇಕಂತೆ" ಅಂದ.
ಮಾರುವವನ ಬಾಯಲ್ಲಿ ಇಂಥ ಮಾತು!
ನನಗೆ ಯಾರು ಕೊಡ್ತಾರೆ ಮಾರಾಯ?
ಕತ್ತರಿ ನಾನೇ ಕೊಂಡೆ, ತಿರುಗುವ ಕುರ್ಚಿ
ಕಂತಿನಲ್ಲಿ ನಾನೇ ಕೊಂಡೆ,
ಕಾಲುಂಗುರ ಸವೆದಾಗ ಗಾಂಧಿಬಜಾರಿಗೆ ಹೋಗಿ
ಅದನ್ನೂ ನಾನೇ ಕೊಂಡೆ, ಚೌಕಾಸಿ ಮಾಡಿ.

ಯಾಕೆ ಬೇಕು ಅಂತ ಅವನು ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ:
ವಿನೋಬನಗರದ ನನ್ನ ಪಾರ್ಲರಿನಲ್ಲಿ
ಹುಬ್ಬಿಗೆ ದಾರ ತಾಗಿದ ಕೂಡಲೇ
ಹೆಂಗಸರು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾರೆ.
ವರ್ಗ ಆಗುತ್ತಾ, ಗಂಟು ಕರಗುತ್ತಾ,
ಅವನು ಫೋನು ಮಾಡ್ತಾನಾ.
ದಾರದ ಒಂದು ತುದಿ ನನ್ನ ಹಲ್ಲಲ್ಲಿ.
ಹದಿನಾರು ವರ್ಷದಿಂದ ನನ್ನ ಉತ್ತರ ಒಂದೇ:
ಹ್ಞೂಂ.

ಅಜ್ಜಿಯಾದರೆ ದೇವರ ತಲೆಗೆ ಹೂವೇರಿಸಿ ಕೂರುತ್ತಿದ್ದಳು.
ಬಲಕ್ಕೆ ಬಿದ್ದರೆ ಆಯಿತು.
ಎಡಕ್ಕೆ ಬಿದ್ದರೆ "ಗಾಳಿ ಬಂತು" ಅನ್ನುತ್ತ
ಇನ್ನೊಮ್ಮೆ ಏರಿಸುತ್ತಿದ್ದಳು.

ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯವನು.
ಲಗ್ನಪತ್ರಿಕೆ ಬಂದರೆ ಹೆಸರು ಓದುವ ಮೊದಲು
ಮೂಲೆ ಬಗ್ಗಿಸಿ ಬಿಡುತ್ತಿದ್ದ.
ಟಪ್ ಅಂದರೆ "ಗಟ್ಟಿ ಸಂಬಂಧ" ಅಂತ ನಗು.
ಕಾಗದಕ್ಕೂ ಎಳೆ ಇರ್ತದೆ ಮಗಾ,
ಎಳೆಯ ದಿಕ್ಕಿಗೆ ಬಗ್ಗಿಸು, ಮಾತು ಕೇಳ್ತದೆ.

ಹಾಗಾಗಿ ಅಲ್ಲೇ, ತೌಸೀಫನ ಕಣ್ಣೆದುರೇ, ಬಗ್ಗಿಸಿದೆ.
ಬಂಗಾರದ್ದು ಒಂದಕ್ಕೊಂದು ಅಂಟಿಕೊಂಡಿತು,
ಹೊಸ ನೆಂಟರ ಹಾಗೆ.
ಬೆಕ್ಕು ಬಗ್ಗಿದ್ದು ಬಗ್ಗಿಯೇ ಉಳಿಯಿತು.
ಹಳದಿಯದು ಬಾಗಿ, ಬಿಟ್ಟಾಗ, ಟಪ್.

ಮೇಲಿನ ಎಲೆ ಪೆದ್ದನದು. ಅಂಕಿ ಸೊನ್ನೆ.
ಹೆಗಲಿಗೆ ಗಂಟು, ಕಾಲ ಬಳಿ ನಾಯಿ,
ಇನ್ನೊಂದು ಹೆಜ್ಜೆಗೆ ಪ್ರಪಾತ.
ಆಗುಂಬೆಯಲ್ಲಿ ಸೂರ್ಯ ಮುಳುಗುವಾಗ
ಸೆಲ್ಫಿಗೆಂದು ಹಿಂದೆ ಹಿಂದೆ ಸರಿಯುವ ಹುಡುಗರ ಮುಖ.
ಬೈಯಬೇಕು ಅನ್ನಿಸಿತು.
ಅದಕ್ಕೇ ಇರಬೇಕು, ಅದನ್ನೇ ಕೊಂಡೆ.
ತೌಸೀಫ್ ಮೂವತ್ತು ರೂಪಾಯಿ ಬಿಟ್ಟ.
"ಇಷ್ಟು ನಾನು ಕೊಟ್ಟಿದ್ದು ಅಂದ್ಕೊಳಿ."

ಸೋಮವಾರ ವಾಗ್ದೇವಿ ಟೀಚರ್ ಬಂದರು.
ಎಡ ಹುಬ್ಬು ಮುಗಿದಿತ್ತು, ಬಲದ್ದು ಇನ್ನೂ ಪೊದೆ.
ಕನ್ನಡಿಯ ಕೆಳಗಿನ ಪೊಟ್ಟಣ ಕಣ್ಣಿಗೆ ಬಿದ್ದು
"ಇದೇನೇ ಹೊಸದು? ನಂಗೊಂದು ತೆಗಿ" ಅಂದರು.
ಜೊತೆಗೆ ಕೊಟ್ಟ ಪುಸ್ತಕ ಇಂಗ್ಲಿಷು,
ನಾನಿನ್ನೂ ಏಳನೇ ಪುಟದಲ್ಲಿದ್ದೇನೆ.
ಪೌಡರು ಹತ್ತಿದ ಕೈಯಲ್ಲಿ ಕಲೆಸಿದೆ.
ಒಂದು ಜಾರಿ ನೆಲಕ್ಕೆ ಬಿತ್ತು,
ಬೆಳಗಿನಿಂದ ಬಿದ್ದ ಕೂದಲ ಮೇಲೆ.

ಅವರೇ ಬಗ್ಗಿ ಎತ್ತಿಕೊಂಡರು.
ಒಂದು ಹೃದಯ, ಅದಕ್ಕೆ ಮೂರು ಕತ್ತಿ.
"ಅಂದ್ರೆ?"

ದಾರ ಬಾಯಲ್ಲಿರಲಿಲ್ಲ.
ಹ್ಞೂಂ ಅನ್ನುವ ಹಾಗಿರಲಿಲ್ಲ.
ಗೊತ್ತಿಲ್ಲ ಟೀಚರೇ, ಅಂದೆ.
ನಿಮಗೇನು ಕಾಣುತ್ತೆ?

ಫ್ಯಾನು ಒಂದೆರಡು ಸುತ್ತು ತಿರುಗಿತು.
ಆಮೇಲೆ ಅವರು ಹೇಳತೊಡಗಿದರು,
ಕಣ್ಣು ಬಿಟ್ಟುಕೊಂಡೇ,
ಒಂದೇ ಹುಬ್ಬಿನಲ್ಲಿ.