ಮೂರನೇ ತಿರುಪು

ಬಲಗಡೆಯಿಂದ ಮೂರನೇದು, ಕೆಂಪು ಗೆರಿ ಇರೂದು,
ಅದರ ಹೆಸರು ಎಕೋ.
ಮದುವಿ ಮನ್ಯಾಗ ಅದನ್ನ ಮುಟ್ಟೂದಿಲ್ಲ,
ಸತ್ತವರ ಮನ್ಯಾಗ ಕೂದಲೆಳಿಯಷ್ಟು.
ಪಾಸ್ಟರ್ ಜಯಶೀಲ ಹುಬ್ಬಳ್ಳಿಯಿಂದ ಬಂದಾಗ
ಕಣ್ಣಿನಾಗ ಹೇಳತಾರ: ಈಗ.
ನಾ ಪೂರ್ತಿ ತಿರುವತೇನಿ.

ಸ್ಟೇಶನ್ ಹಿಂದಿನ ಬಯಲಿನಾಗ ತಗಡಿನ ಚಪ್ಪರ,
ಮುನ್ನೂರು ಪ್ಲಾಸ್ಟಿಕ್ ಕುರ್ಚಿ.
ಹೊರಗ ಬಾ, ಅಂತಾರ ಅವರು.
ಬಾ, ಬಾ, ಬಾ, ಅಂತೈತಿ ತಗಡು.
ದೆವ್ವ ಉತ್ತರ ಕೊಡ್ತು ಅಂತ ಮಂದಿ ನಡುಗತಾರ.
ಉತ್ತರ ಕೊಟ್ಟದ್ದು ನನ್ನ ಹೆಬ್ಬೆರಳು.

ಸಣ್ಣಾಂವ ಇದ್ದಾಗ ಅಪ್ಪ ಗೋಳಗುಮ್ಮಟಕ್ಕ ಕರಕೊಂಡು ಹೋಗಿದ್ದ.
ಮ್ಯಾಲೆ ಹತ್ತಿ ನಾ ಒಂದ ಸಲ ಕೆಮ್ಮಿದೆ,
ಗೋಡಿ ಏಳು ಸಲ ಕೆಮ್ಮಿತು.
ಅಂಜಿ ಅವನ ಖಾಕಿ ಅಂಗಿ ಹಿಡಕೊಂಡೆ.
ಅಪ್ಪ ದಾನಿಯೇಲಪ್ಪ, ರೈಲ್ವೆ ಗ್ಯಾಂಗಮನ್, ಸಭೆಯ ಹಿರಿಯ,
"ಸುಣ್ಣ, ಗಾರೆ, ಮತ್ತೇನಿಲ್ಲೋ" ಅಂದ.

ಅದ ಅಪ್ಪ ರಾತ್ರಿ ನನ್ನ ದಿಂಬಿನ ಕೆಳಗ ಬೈಬಲ್ ಇಡತಿದ್ದ.
ಆಜೂಬಾಜೂ ಮನ್ಯಾಗ ಕುಡಗೋಲು ಇಡತಿದ್ರು.
ಅವರದು ಮೂಢನಂಬಿಕಿ, ನಮ್ಮದು ನಂಬಿಕಿ.
ಬೈಬಲ್ ದಪ್ಪ ಇತ್ತು, ಕುತ್ತಿಗಿ ನೋಯತಿತ್ತು.
ನಿದ್ದಿ ಬರವಲ್ದು ಅಂದ್ರ, ದೆವ್ವದ ಕಾಟ ಅಂತ
ಇನ್ನೊಂದು ಇಟ್ಟ. ಅಜ್ಜಿಯದು, ಮತ್ತೂ ದಪ್ಪ.

ನಮ್ಮ ಮಂದಿ ನಗತಾರ,
ಬಾಗಲಿಗೆ ನಿಂಬಿಹಣ್ಣು ಕಟ್ಟಿದವರನ್ನ ನೋಡಿ,
ಹಲ್ಲಿ ಲೊಚ್ಚಂದ್ರ ನೆಲಾ ಬಡಿಯೋರನ್ನ ನೋಡಿ.
ಆಮ್ಯಾಲೆ ಎಣ್ಣಿ ಬಾಟ್ಲಿಗೆ ಪ್ರಾರ್ಥನೆ ಮಾಡಿಸಿ
ಹೊಸ ಟಂಟಂನ ಮೂರೂ ಗಾಲಿಗೆ ಹಚ್ಚತಾರ.
ಒಮ್ಮೆ ಎಣ್ಣಿ ಬ್ರೇಕಿಗೆ ಇಳೀತು,
ಗಾಡಿ ಅಥಣಿ ರೋಡಿನ ಗಟಾರದಾಗ ಹೋಗಿ ಕುಂತಿತು.
ಸೈತಾನ, ಅಂದ್ರು ಎಲ್ಲಾರೂ.
ಮೆಕ್ಯಾನಿಕ್ ಒಬ್ಬಾಂವ "ಎಣ್ಣಿ" ಅಂದ.

ಹೋದ ಜನವರಿ, ಥಂಡಿ.
ರೂಬೇನ ಮಾಸ್ತರರ ಮಗಳು ಯೆಮೀಮ,
ಒಂಬತ್ತನೇ ತರಗತಿ, ಲೆಕ್ಕದಾಗ ಶ್ಯಾಣ್ಯಾಕಿ.
ತಿಂಗಳಿಗೊಮ್ಮೆ ಬೀಳತಿದ್ದಳು,
ಕೈಕಾಲು ಸೆಟೆದು, ಬಾಯಾಗ ನೊರಿ.
ಡಾಕ್ಟರು ಬರದ ಗುಳಿಗಿ ಪೊಟ್ಟಣ ಮೇಜಿನ ಮ್ಯಾಲಿಟ್ಟು
ಪಾಸ್ಟರು ಕೇಳಿದ್ರು: ವಿಶ್ವಾಸ ಬೇಕೋ, ಇದು ಬೇಕೋ?
ಮಾಸ್ತರರು ಏನೂ ಅನ್ನಲಿಲ್ಲ.
ಅವರು ವಿಜ್ಞಾನ ಕಲಿಸೋರು.

ಪೊಲೀಸ್ ಪರ್ಮಿಶನ್ ಹತ್ತರ ತನಕ,
ಹತ್ತಕ್ಕ ಹತ್ತು ನಿಮಿಷ ಇದ್ದಾಗ ಬಿದ್ದಳು ಆಕಿ.
ಮೈಕು ಬಾಯಿ ಹತ್ತರ ಹಿಡಿದ್ರು.
ನಿನ್ನ ಹೆಸರೇನು? ಎಷ್ಟು ಮಂದಿ ಅದೀರಿ ಒಳಗ?
ಮುನ್ನೂರು ಮಂದಿಗಿಂತ ಮೊದಲು
ಹೆಡ್‌ಫೋನಿನಾಗ ನಾ ಕೇಳಿದೆ:
ಹಲ್ಲು ಕಡಿಯೋ ಸಪ್ಪಳ.
ಉಸಿರು ಸಿಕ್ಕೊಂಡ ಸಪ್ಪಳ.
ಒಬ್ಬಾಕಿನ ಇದ್ದಳು ಒಳಗ.

ಕಣ್ಣು ಹೇಳಿದ್ವು: ಈಗ.
ತಿರುಪು ಸೊನ್ನಿಗೆ ತಂದೆ.
ಆಮ್ಯಾಲೆ ವೈರೂ ಕಿತ್ತೆ.

ಪಾಸ್ಟರ ದನಿ ಒಮ್ಮೆಲೆ ಮನುಷ್ಯಾರ ದನಿ ಆತು,
ಸ್ವಲ್ಪ ಒಡದದ್ದು, ನೆಗಡಿ ಆದದ್ದು.
ಹಿಂದಿನ ಸಾಲಿನಿಂದ ಒಬ್ಬಾಕಿ ಮುದುಕಿ
ಕುರ್ಚಿ ಸರಿಸಕೋತ ಬಂದು
ಹುಡುಗಿನ್ನ ಮಗ್ಗಲಿಗೆ ಹೊಳ್ಳಿಸಿ ಸೆರಗಿಲೆ ಬಾಯಿ ಒರಸಿದಳು.
ಮೇಜಿನ ಮ್ಯಾಲಿನ ಪೊಟ್ಟಣ
ಯಾರನ್ನೂ ಕೇಳದ ತನ್ನ ಎಲಿಚೀಲಕ್ಕ ಹಾಕಿದಳು.
ಆಗ ಸಣ್ಣ ದನಿ, ಮೈಕಿಲ್ಲದ್ದು: "ನೀರು."
ಅದು ಒಂದ ಸಲ ಕೇಳಿಸಿತು.

ಮುಂಜಾನೆ ಬಿಲ್ ಕೊಟ್ಟೆ, ಐದು ಸಾವಿರ.
ಲೈನ್ ಹೋದದ್ದು ಸೈತಾನನ ಕೆಲಸ ಅಂದ್ರು.
ನಾ ಹೂಂ ಅಂದೆ.
ಐದು ಸಾವಿರದ ಒಂದು ಎಣಿಸಿ ಕೊಟ್ರು.
ಸೊನ್ನಿ ಮ್ಯಾಲೆ ಮುಗಿಸಬಾರದಂತ,
ದೆವ್ವ ಓಡಿಸೋರು.

ನಾನೇನು ದೊಡ್ಡಾಂವ ಅಲ್ಲ.
ಆ ಒಂದು ರೂಪಾಯಿ ಇನ್ನೂ ಖರ್ಚ ಮಾಡಿಲ್ಲ.
ಆಂಪ್ಲಿಫೈಯರ್ ಚಾಲೂ ಮಾಡೂ ಮೊದಲ
ಈಗಲೂ ಅದನ್ನ ಮುಟ್ಟಿ ಹಣಿಗೆ ಹಚ್ಚಿಕೋತೇನಿ.
ಯಾಕ ಅಂತ ಕೇಳಬ್ಯಾಡ್ರಿ.
ಒಮ್ಮೆ ಮುಟ್ಟದ ಚಾಲೂ ಮಾಡಿದಾಗ
ಫ್ಯೂಸ್ ಹೋಗಿತ್ತು.