ಗಾಳಿಯ ಗುಂಡಿ

ಶಹಾಪುರದ ಕೋರೆ ಗಲ್ಲಿಯಲ್ಲಿ ನಮ್ಮ ಅಂಗಡಿ:
ಹೊಟ್ಟೆ ಬಿಚ್ಚಿಕೊಂಡು ಮಲಗಿದ ಏಳೆಂಟು ಹಾರ್ಮೋನಿಯಂ,
ಮೂಲೆಯಲ್ಲಿ ಅರ ತಿಕ್ಕಿದ ಹಿತ್ತಾಳೆಯ ಪುಡಿ.
ಒಂದು ಮಂಗಳವಾರ, ಕ್ಯಾಂಪಿನಿಂದ ಆಟೋದಲ್ಲಿ,
ಪಿಟೀಲು ಕಲಿಸುವ ಕ್ವಿತೇರಿಯಾ ಅಕ್ಕೋರು
ಜ್ವರದ ಕೂಸನ್ನು ತಂದ ಹಾಗೆ ಇದನ್ನು ತಂದರು.

ಕರಿ ಪೆಟ್ಟಿಗೆ, ಎರಡು ಕೊನೆಗೂ ಬಿಳಿ ಗುಂಡಿ,
ನಡುವೆ ಇಲಿ ಕಡಿದ ತಿದಿ.
ಹಡಗಿನಲ್ಲಿ ಬಾರಿಸುತ್ತಿದ್ದ ಅವರಪ್ಪ
ಬ್ಯೂನಸ್ ಐರಿಸ್ ಬಂದರಿನಲ್ಲಿ
ಕೈಗಡಿಯಾರ ಕೊಟ್ಟು ಕೊಂಡದ್ದಂತೆ.
"ಬಾಂದೊನಿಯೋನ್" ಅಂದರು.
ಮೌನೇಶ ಮಾವ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ
ರಸೀದಿಯಲ್ಲಿ ಬರೆದ: ಬಂದೇನವ್ವ, ಒಂದು ನಗ.

ಎಳೆದರೆ ಒಂದು ಸ್ವರ, ಒತ್ತಿದರೆ ಮತ್ತೊಂದು,
ಗುಂಡಿ ಮಾತ್ರ ಅದೇ.
ಮಾವನಿಗೆ ಸಿಟ್ಟೇ ಬಂತು.
"ಹೋಗಬೇಕಾರ ಷಡ್ಜ, ಬರಬೇಕಾರ ರಿಷಭ!
ಇದೇನ ವಾದ್ಯನೋ, ಬೀಗತಿಯೋ?"

ಬೈಯುತ್ತಲೇ ಇಪ್ಪತ್ತು ದಿನ ಕೂತ.
ಉಕ್ಕಿನ ನಾಲಿಗೆ ಒಂದೊಂದನ್ನೂ ಬಿಚ್ಚಿ, ತುಕ್ಕು ಕೆರೆದು,
ತುಟಿಗಿಟ್ಟು ಊದಿ, ಕಣ್ಣು ಮುಚ್ಚಿ, ಮತ್ತೆ ಕೆರೆದು.
ತಿದಿಗೆ, ಅಥಣಿಯ ಚಪ್ಪಲಿ ಮಾಡುವವರಿಂದ
ಆಡಿನ ತೆಳು ಚರ್ಮ ತರಿಸಿದ.
ಮಡಿಕೆಯ ಅಂಚಿಗೆ ನೀಲವ್ವ ಅತ್ತಿಯ
ಹಳೆಯ ಸೀರೆಯ ದಡಿ, ಕೇಳದೆ ಕತ್ತರಿಸಿದ್ದು.
ಅತ್ತಿ ಎರಡು ದಿನ ಮಾತು ಬಿಟ್ಟಳು.

ಬಲಗೈ ಹೆಬ್ಬೆರಳ ಹತ್ತಿರ ಒಂದು ಸನ್ನೆ.
ಒತ್ತಿದರೆ ಸ್ವರವಿಲ್ಲ, ಬರಿ ಗಾಳಿ.
"ಸೋರತೈತಿ ಇದು" ಅಂದ. ಮೇಣ ಕಾಯಲಿಕ್ಕಿಟ್ಟು
ಬಿಲ್ಲಿಗೆ ಸೇರಿಸಿದ: ಸೋರಿಕೆ ಬಂದ್, ಇನ್ನೂರು.
ಕರೆಂಟು ಹೋಯಿತು. ಬೆಳಗಾದರೆ ಅಕ್ಕೋರು ಬಂದು
ಬಿಲ್ಲು ಓದದೆ ರೊಕ್ಕ ಎಣಿಸಿಕೊಟ್ಟು
ಒಯ್ದೇಬಿಟ್ಟರು.

ತಾಲೀಮಿಗೆ ನಾನು ಹೋದೆ.
ಪಿಟೀಲಿಗೆ ಇಬ್ಬರು ಶಿಷ್ಯೆಯರು, ಚೆಲ್ಲೋಗೆ ಪಾಲಿಟೆಕ್ನಿಕ್ಕಿನ ಮಾಸ್ತರು,
ಆಳೆತ್ತರದ ಬಾಸಿಗೆ
ರೆಜಿಮೆಂಟಿನ ಬ್ಯಾಂಡು ಬಿಟ್ಟುಬಂದ ಹವಾಲ್ದಾರ ಶಿಂತ್ರೆ.
ಎಂಟನ್ನು ನಾಲ್ಕು ನಾಲ್ಕಾಗಿ ಮುರಿಯದೆ
ಮೂರು, ಮೂರು, ಎರಡು ಎಂದು ಮುರಿಯಬೇಕು.
ಹವಾಲ್ದಾರರ ಕಾಲು ಕವಾಯತು ಬಿಡಲೊಲ್ಲದು:
ಎಡ ಬಲ, ಎಡ ಬಲ.

ಮನೆಗೆ ಬಂದರೆ ಅತ್ತಿ ರೊಟ್ಟಿ ಬಡಿಯುತ್ತಿದ್ದಳು.
ತಟ್ಟು ತಟ್ಟು ತಟ್ಟು, ತಟ್ಟು ತಟ್ಟು ತಟ್ಟು,
ತಿರುವು, ತಟ್ಟು.
ಮರುದಿನ ಹವಾಲ್ದಾರರನ್ನು ಕರೆತಂದು
ನಮ್ಮ ಅಡಿಗೆಮನೆಯ ಹೊಸ್ತಿಲ ಹೊರಗೆ ಕೂರಿಸಿದೆ.
ಐದು ರೊಟ್ಟಿ ಸುಮ್ಮನೆ ತಿಂದರು.
ಆರನೆಯದಕ್ಕೆ ಅವರ ಕಾಲು ಮರೆಯಿತು.

ಇಗರ್ಜಿಯ ಹಿಂದಿನ ಕೋಣೆ. ನಲವತ್ತು ಕುರ್ಚಿ, ಅರ್ಧ ಖಾಲಿ.
ತಂತಿಗಳು ಖಡೇ ಬಜಾರಿನ ಶನಿವಾರದ ಸಂಜೆಯಂತೆ
ಭುಜಕ್ಕೆ ಭುಜ ತಿಕ್ಕಿದವು, ತಟ್ಟನೆ ನಿಂತು ನೋಡಿದವು,
ಮುಖ ತಿರುವಿದವು.
ನಡುವೆ ನಮ್ಮ ಬಂದೇನವ್ವ,
ಜಗಳ ಬಿಡಿಸಲು ಬಂದು ತಾನೇ ಅತ್ತವಳ ಹಾಗೆ.
ಮಾವನ ಬೆರಳು ತೊಡೆಯ ಮೇಲೆ ತಡಕುತ್ತಿತ್ತು,
ಯಾವ ರಾಗದ ಗಾಂಧಾರ ಇದು?
ಸಿಗಲಿಲ್ಲ. ಕೈ ಬಿಟ್ಟ.

ಆಮೇಲೆ ತಂತಿಗಳೆಲ್ಲ ಸುಮ್ಮನಾದವು.
ಅಕ್ಕೋರು ನೋಯುವ ಮೊಣಕಾಲನ್ನು ಚೂರು ಎತ್ತಿದರು,
ತಿದಿ ತನ್ನ ಭಾರಕ್ಕೆ ತಾನೇ ಪೂರಾ ತೆರೆಯಿತು,
ಸೀರೆಯ ದಡಿ ದೀಪಕ್ಕೆ ಮಿಂಚಿತು.
ಹೆಬ್ಬೆರಳು ಆ ಸನ್ನೆಯನ್ನು ಒತ್ತಿತು.

ಸ್ವರವಿಲ್ಲ.
ಹೊರೆ ಇಳಿಸಿ ಕಟ್ಟೆಗೆ ಕೂತವರ ಉಸಿರು,
ಅಷ್ಟೇ, ಮೆಲ್ಲಗೆ, ಮುಗಿಯುವ ತನಕ.

ಮಾವ ನನ್ನ ಮುಂಗೈ ಗಟ್ಟಿ ಹಿಡಿದ.
"ಅದನ್ನs ಮುಚ್ಚಾಂವ ಇದ್ದೆ."

ಚಪ್ಪಾಳೆ ತಣಿದ ಮೇಲೆ ಸೀದಾ ಹೋಗಿ
ಎರಡು ನೂರರ ನೋಟು ಮುಂದೆ ಹಿಡಿದ.
"ಏನ್ರೀ ಇದು?" ಅಂದರು ಅಕ್ಕೋರು, ಬೆವರೊರೆಸಿಕೊಳ್ಳುತ್ತ.
"ಮಾಡಲಾರದ ಕೆಲಸದ್ದು."
ಅವರಿಗೆ ಅರ್ಥವಾಗಲಿಲ್ಲ.
ಮಾವ ಬಿಡಿಸಿ ಹೇಳಲಿಲ್ಲ.